ಫೋನ್ ಕರೆಯ ನಂತರದ ಬೀಸು

“ಮಾಸ್ಟರ್, ಇವತ್ತು ಬೆವರೇ ಬರಲಿಲ್ಲ. ಇದಕ್ಕೂ ಫೀಸು ಕೊಡಬೇಕೇ?”

ನಗುತ್ತಲೇ ಕೇಳುತ್ತಾರೆ, ಆದರೆ ಕೇಳುವವರ ಮನಸ್ಸಿನಲ್ಲಿ ಅನುಮಾನ ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ ಗಾಲ್ಫ್ ಆಡುವವರಿಗೆ ವ್ಯಾಯಾಮದ ತರಬೇತಿ ಕೊಡುವುದು ನನ್ನ ಕೆಲಸ. ನಾನು ಆಟ ಕಲಿಸುವವನಲ್ಲ. ಹಿಡಿತ, ನಿಲುವು, ಚೆಂಡಿನ ದಿಕ್ಕು ಎಲ್ಲ ಅವರವರ ಕೋಚ್‌ಗೆ ಬಿಟ್ಟದ್ದು. ನನ್ನ ಹತ್ತಿರ ಬರುವವರ ಬೇಡಿಕೆ ಒಂದೇ. ಡ್ರೈವರ್, ಎಂದರೆ ಅತಿ ದೂರ ಹೊಡೆಯಲು ಬಳಸುವ ಉದ್ದನೆಯ ಗಾಲ್ಫ್ ಕೋಲು (ಕ್ಲಬ್), ಬೀಸುವ ವೇಗ ಹೆಚ್ಚಬೇಕು, ಚೆಂಡು ಇನ್ನೂ ಇಪ್ಪತ್ತು ಗಜ ಆಚೆ ಬೀಳಬೇಕು, ಜೊತೆಯವರ ಮುಂದೆ ಮಾನ ಉಳಿಯಬೇಕು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಅಂಕಿ ಹೇಳಿಬಿಡುತ್ತೇನೆ. ಕ್ಲಬ್ಬಿನ ತಲೆ ಚೆಂಡಿಗೆ ತಾಗುವ ಹೊತ್ತಿಗೆ ಎಷ್ಟು ವೇಗದಲ್ಲಿರುತ್ತದೆ ಎಂಬುದನ್ನು ಗಂಟೆಗೆ ಇಷ್ಟು ಮೈಲಿ ಎಂದು ಅಳೆಯುತ್ತಾರೆ. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್ ಆಟಗಾರರ ಸರಾಸರಿ 115ರ ಆಸುಪಾಸಿನಲ್ಲಿದೆ. ಭಾನುವಾರ ಮಾತ್ರ ಆಡುವ ಗಂಡಸರದ್ದು 90ರ ಆಚೀಚೆ. ಒಂದು ಮೈಲಿ ಹೆಚ್ಚಾದರೆ ಚೆಂಡು ಸುಮಾರು ಎರಡೂವರೆ ಗಜ ಮುಂದೆ ಹೋಗುತ್ತದೆ, ಅದೂ ಕ್ಲಬ್ಬಿನ ನಡುಭಾಗಕ್ಕೆ ಸರಿಯಾಗಿ ತಗುಲಿದರೆ.

ನಾನು ಬೆಳೆದದ್ದು ಮೈಸೂರಿನಲ್ಲಿ. ಸೋದರಮಾವ ಗರಡಿಗೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ದಂಡ, ಬಸ್ಕಿ, ಗದೆ ತಿರುಗಿಸುವುದು. ಮೈಯಿಂದ ಇಳಿದ ಬೆವರು ಮಟ್ಟಿಯ ಕೆಂಪು ಮಣ್ಣಿಗೆ ಸೇರಿದರೆ ಆ ದಿನದ ಸಾಮು ಸಾರ್ಥಕ. ಮುಂದೆ ಬೆಂಗಳೂರಿನ ಜಿಮ್ಮುಗಳಲ್ಲಿ ಕೆಲಸಕ್ಕೆ ಸೇರಿದಾಗಲೂ ಲೆಕ್ಕ ಬದಲಾಗಲಿಲ್ಲ. ಬಂದವರು ಮೆಟ್ಟಿಲು ಇಳಿಯುವಾಗ ಕಾಲು ನಡುಗಬೇಕು, ಮರುದಿನ ತಲೆ ಬಾಚಲು ಕೈ ಏಳಬಾರದು; ಹಾಗಾದರೆ ತರಬೇತುದಾರ ಒಳ್ಳೆಯವನು, ಮುಂದಿನ ತಿಂಗಳೂ ದುಡ್ಡು ಕಟ್ಟಬಹುದು. ಹನ್ನೊಂದು ವರ್ಷ ನಾನು ಮಾರಿದ್ದು ದಣಿವನ್ನು.

ಈ ಸರಕಿನೊಂದಿಗೇ ನಾನು ಗಾಲ್ಫ್ ಆಟಗಾರರ ಬಳಿಗೆ ಹೋದೆ.

ನನ್ನ ಮೊದಲ ಗಾಲ್ಫ್ ಗಿರಾಕಿ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯ ಮಾಲೀಕರು. ವಯಸ್ಸು ಐವತ್ತೆರಡು, ಹದಿನೆಂಟರ ಹ್ಯಾಂಡಿಕ್ಯಾಪ್ (ಎಂದರೆ ಸಾಧಾರಣ ಮಟ್ಟದ ಆಟ), ಮಾತು ಕಡಿಮೆ, ಫೋನ್ ಜಾಸ್ತಿ. ಮೊದಲ ದಿನ ಅಂಗೈಯಗಲದ ರೇಡಾರ್ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಬೀಸಿಸಿದೆ. 91 ಮೈಲಿ. “ನೂರು ಮಾಡಿಸಿ” ಎಂದರು. ಆಗಲಿ ಎಂದು ಒಪ್ಪಿಕೊಂಡೆ, ಒಪ್ಪಿಕೊಳ್ಳಲು ನನ್ನ ಗಂಟೇನು ಹೋಗುತ್ತಿತ್ತು?

ಐದು ತಿಂಗಳು ಡೆಡ್‌ಲಿಫ್ಟ್, ಸ್ಕ್ವಾಟ್ ಮಾಡಿಸಿದೆ. ಅರವತ್ತು ಕಿಲೋ ಎತ್ತುತ್ತಿದ್ದವರು ನೂರಹತ್ತು ಎತ್ತಿದರು. ಅಂಗಿಯ ತೋಳು ಬಿಗಿಯಾಯಿತು, ಮನೆಯವರಿಂದ ಮೆಚ್ಚುಗೆ ಬಂತು. ರೇಡಾರ್ ಮಾತ್ರ 92 ಎಂದಿತು. ಐವತ್ತು ಕಿಲೋ ಶಕ್ತಿಗೆ ಒಂದು ಮೈಲಿ!

ಯಾಕೆ ಹೀಗೆ ಎಂದು ಆಗ ತಿಳಿದಿರಲಿಲ್ಲ, ಈಗ ತಿಳಿದಿದೆ. ಒಳ್ಳೆಯ ಆಟಗಾರನ ಕ್ಲಬ್ ಮೇಲಿನಿಂದ ಇಳಿದು ಚೆಂಡನ್ನು ಮುಟ್ಟಲು ತೆಗೆದುಕೊಳ್ಳುವ ಸಮಯ ಸೆಕೆಂಡಿನ ಕಾಲು ಭಾಗ. ಭಾರದ ಕಂಬಿಯನ್ನು ನೆಲದಿಂದ ಮೇಲೆತ್ತಲು ಎರಡು ಮೂರು ಸೆಕೆಂಡು ಸಿಗುತ್ತದೆ. ಅಷ್ಟು ಹೊತ್ತಿನಲ್ಲಿ ಸ್ನಾಯು ನಿಧಾನವಾಗಿ ತನ್ನ ಪೂರ್ತಿ ಬಲವನ್ನು ಒಟ್ಟುಗೂಡಿಸಿಕೊಳ್ಳಬಹುದು. ಬೀಸಿನಲ್ಲಿ ಆ ಪುರಸತ್ತಿಲ್ಲ. ಉಗ್ರಾಣದಲ್ಲಿ ಅಕ್ಕಿ ತುಂಬಿದ್ದರೂ ಬಾಗಿಲು ಒಂದು ಗೇಣು ತೆರೆದರೆ ಹೊರಗೆ ಬರುವುದು ಬೊಗಸೆಯಷ್ಟೇ. ಹಾಗೆಂದು ಭಾರ ಎತ್ತುವುದು ದಂಡವಲ್ಲ. ಉಗ್ರಾಣವೇ ಖಾಲಿಯಿದ್ದರೆ ಬಾಗಿಲು ಎಷ್ಟು ತೆರೆದರೇನು? ನಾನು ಉಗ್ರಾಣ ತುಂಬಿಸಿ ಬಾಗಿಲ ಕಡೆ ನೋಡಲೇ ಇಲ್ಲ.

ಆಮೇಲೆ ವೇಗದ ಕೋಲುಗಳು ಬಂದವು. ಡ್ರೈವರ್‌ಗಿಂತ ಹಗುರವಾದವು ಎರಡು, ತುಸು ಭಾರದ್ದು ಒಂದು. ಹಗುರ ಕೋಲನ್ನು ಬೀಸಿದಾಗ ಮೈ ತನಗೆ ಅಭ್ಯಾಸವಿಲ್ಲದ ವೇಗದಲ್ಲಿ ಓಡುತ್ತದೆ, ಭಾರದ ಕೋಲು ಬಲ ಹಾಕುವುದನ್ನು ಕಲಿಸುತ್ತದೆ, ನಡುವಿನಲ್ಲಿ ನಿಜವಾದ ಡ್ರೈವರ್ ಲಾಭ ಪಡೆಯುತ್ತದೆ ಎಂಬುದು ಇದರ ಹಿಂದಿನ ವಾದ. ಕೋಲಿನ ತೂಕಕ್ಕಿಂತ ಜೀವ ಬಿಟ್ಟು ಬೀಸುವುದು ಮತ್ತು ಪ್ರತಿ ಬೀಸಿನ ಅಂಕಿಯನ್ನು ಕಣ್ಣೆದುರೇ ನೋಡುವುದು, ಇವೆರಡೇ ಹೆಚ್ಚು ಕೆಲಸ ಮಾಡುತ್ತವೆ ಎಂದು ಈಗ ನನಗೆ ಅನ್ನಿಸುತ್ತದೆ. ಅಂದು ಅಷ್ಟೆಲ್ಲ ಯೋಚಿಸಲಿಲ್ಲ. ಕೋಲು ಕೈಗೆ ಸಿಕ್ಕಿದ್ದೇ ತಡ, ಜಿಮ್ಮಿನ ಪದ್ಧತಿಗೆ ಹಚ್ಚಿಬಿಟ್ಟೆ. ಹತ್ತು ಬೀಸು, ಅರ್ಧ ನಿಮಿಷ ಬಿಡುವು, ಮತ್ತೆ ಹತ್ತು. ದಿನಕ್ಕೆ ನೂರಿಪ್ಪತ್ತು, ವಾರಕ್ಕೆ ಆರು ದಿನ. ಅಂಗಿ ಹಿಂಡಿದರೆ ನೀರು ಸುರಿಯುತ್ತಿತ್ತು. ಅವರಿಗೂ ಖುಷಿ, ನನಗೂ ಖುಷಿ.

ಎರಡು ವಾರ ಅಂಕಿ ಏರಿತು. ಮೂರನೆಯ ವಾರ ನಿಂತಿತು, ನಾಲ್ಕನೆಯ ವಾರ ಇಳಿಯತೊಡಗಿತು. ಇನ್ನಷ್ಟು ಬೀಸಿ ಎಂದೆ. ಐದನೆಯ ವಾರ ಎಡಪಕ್ಕೆ ಹಿಡಿದುಕೊಂಡು ಬಂದರು. ಕೆಮ್ಮಿದರೆ ನೋವು, ಮಗ್ಗುಲು ಬದಲಿಸಿದರೆ ನೋವು. ಮೂಳೆ ವೈದ್ಯರು ಪಕ್ಕೆಲುಬಿನಲ್ಲಿ ಕೂದಲೆಳೆಯಂಥ ಬಿರುಕು ತೋರಿಸಿದರು. ಬಲಗೈ ಗಾಲ್ಫ್ ಆಟಗಾರರಲ್ಲಿ ಅತಿಯಾಗಿ ಬೀಸಿದರೆ ಎಡಪಕ್ಕೆಲುಬು ಹೀಗೆ ಸೀಳುವುದು ಹೊಸದೇನಲ್ಲವಂತೆ. ಆರು ವಾರ ಕ್ಲಬ್ ಮುಟ್ಟುವಂತಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಆ ಆರು ವಾರಗಳಲ್ಲಿ ನನ್ನ ನೋಟ್‌ಬುಕ್ ತೆಗೆದು ಕೂತೆ. ಒಂದು ಒಳ್ಳೆಯ ಅಭ್ಯಾಸ ನನಗಿತ್ತು, ಪ್ರತಿ ಬೀಸಿನ ಅಂಕಿಯನ್ನೂ ಬರೆದಿಟ್ಟಿದ್ದೆ. ಬರೆದದ್ದನ್ನು ಓದುವ ಅಭ್ಯಾಸ ಇರಲಿಲ್ಲ, ಅಷ್ಟೇ. ಹತ್ತರ ಪ್ರತಿ ಸರಣಿಯಲ್ಲೂ ಮೊದಲ ಮೂರು ನಾಲ್ಕು ಬೀಸು ಚೆನ್ನಾಗಿವೆ, ಐದರಿಂದ ಇಳಿಜಾರು. ಎಂದರೆ ದಿನದ ನೂರಿಪ್ಪತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಿಧಾನವಾಗಿ ಬೀಸುವುದನ್ನು ಅವರಿಗೆ ಅಭ್ಯಾಸ ಮಾಡಿಸಿದ್ದೆ. ನಿಧಾನ ಬೀಸಲು ಕಲಿಸುವವನಿಗೆ ತಿಂಗಳ ಫೀಸು!

ಇನ್ನೊಂದು ಸಂಗತಿಗೆ ನಗು ಬಂತು. ಅಲ್ಲೊಂದು ಇಲ್ಲೊಂದು ಒಮ್ಮೆಲೇ ಎತ್ತರಕ್ಕೆ ಜಿಗಿದ ಅಂಕಿಗಳಿದ್ದವು: 95, 96, ಒಮ್ಮೆ 97. ಅವುಗಳ ಪಕ್ಕದಲ್ಲಿ ಸಿಟ್ಟಿನಿಂದ ಗೀಚಿದ ಒಂದೇ ಅಕ್ಷರ, ‘ಫೋ’. ಅವರು ನಡುವೆ ಫೋನ್ ಎತ್ತಿಕೊಂಡು ಹೊರಗೆ ಹೋದಾಗಲೆಲ್ಲ ನಾನು ಹಾಗೆ ಗುರುತು ಹಾಕುತ್ತಿದ್ದೆ, ತಿಂಗಳ ಕೊನೆಗೆ ಆಕ್ಷೇಪಣೆ ಎತ್ತೋಣವೆಂದು. ಕಾರ್ಖಾನೆಯ ಫೋರ್‌ಮನ್ ಜೊತೆ ಮೂರು ನಿಮಿಷ ಕೂಗಾಡಿ ಬಂದು ಬೀಸಿದ ಮೊದಲ ಬೀಸೇ ಆ ದಿನದ ಅತ್ಯಂತ ವೇಗದ ಬೀಸು. ಒಂದು ದಿನವಲ್ಲ, ಹೆಚ್ಚುಕಡಿಮೆ ಪ್ರತಿ ಸಲ.

ಸಿಟ್ಟಿನಿಂದ ಬಂದ ವೇಗವೇ ಎಂದು ಮೊದಲು ಸಂಶಯಪಟ್ಟೆ. ಆಮೇಲೆ ಹೊಳೆಯಿತು, ವೇಗ ಕೊಟ್ಟದ್ದು ಆ ಮೂರು ನಿಮಿಷ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಸ್ನಾಯುವಿನೊಳಗೆ ಬೇರೆಯೇ ಇಂಧನವಿದೆ, ಫಾಸ್ಫೋಕ್ರಿಯಾಟಿನ್ ಎಂದು ಅದರ ಹೆಸರು. ಖರ್ಚಾದ ಅರ್ಧ ನಿಮಿಷಕ್ಕೆ ಸುಮಾರು ಅರ್ಧ ಮರಳುತ್ತದೆ. ಪೂರ್ತಿ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ತರಬೇತುದಾರರ ಪರೀಕ್ಷೆಗೆ ನಾನೇ ಬಾಯಿಪಾಠ ಮಾಡಿ ಬರೆದ ಉತ್ತರ ಇದು.

ದಣಿದ ಮೈ ಇನ್ನೊಂದು ತಪ್ಪನ್ನೂ ಮಾಡುತ್ತದೆ. ಗಾಡಿ ಹೊಡೆಯುವವರ ಚಾವಟಿಯನ್ನು ನೋಡಿ: ಕೈ ಮುಂದೆ ಹೋಗಿ ತಟ್ಟನೆ ತಡೆಯುತ್ತದೆ, ಆಗ ತುದಿ ಸಿಡಿಯುತ್ತದೆ. ಗಾಲ್ಫ್ ಬೀಸೂ ಹಾಗೆಯೇ. ಮೊದಲು ಸೊಂಟ ತಿರುಗಿ ನಿಧಾನವಾಗುತ್ತದೆ, ಅದರ ವೇಗ ಎದೆಗೆ, ಎದೆಯದು ತೋಳಿಗೆ, ತೋಳಿನದು ಕ್ಲಬ್ಬಿಗೆ ದಾಟುತ್ತದೆ. ದಣಿದಾಗ ಈ ಸರದಿ ಕಲಸಿಹೋಗುತ್ತದೆ. ಸೊಂಟ ಸೋಮಾರಿಯಾಗಿ ಕೈಗಳು ಮೊದಲೇ ಓಡುತ್ತವೆ. ಸೊಂಟ ಮಾಡದೆ ಬಿಟ್ಟ ಕೆಲಸ ಬೆನ್ನು ಮತ್ತು ಪಕ್ಕೆಯ ತಲೆಗೆ ಬೀಳುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂರುವವರಲ್ಲಂತೂ ಸೊಂಟದ ಕೀಲು ಒಳಕ್ಕೆ ತಿರುಗುವುದನ್ನೇ ಮರೆತಿರುತ್ತದೆ. ಇಂಥವರಿಗೆ ಮೊದಲ ತಿಂಗಳು ಕೋಲನ್ನೇ ಕೊಡುವುದಿಲ್ಲ, ನೆಲದ ಮೇಲೆ ಕೂರಿಸಿ ಸೊಂಟ ಬಿಡಿಸುತ್ತೇನೆ. ಚಕ್ಕಳಮಕ್ಕಳ ಹಾಕಿ ಊಟ ಮಾಡುತ್ತಿದ್ದ ಕಾಲ ಹೋಯಿತಲ್ಲ ಎಂದು ಗೊಣಗುತ್ತೇನೆ, ಅದು ಬೇರೆ ಮಾತು.

ಅವರು ಮರಳಿ ಬಂದಾಗ ಹೊಸ ಪಟ್ಟಿ ಸಿದ್ಧವಾಗಿತ್ತು. ವಾರಕ್ಕೆ ಮೂರೇ ದಿನ. ಮೈ ಬೆಚ್ಚಗಾದ ಮೇಲೆ ಒಂಬತ್ತು ಜಿಗಿತ, ಮೂರು ಕಿಲೋದ ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯುವುದು ಒಂದು ಹನ್ನೆರಡು ಸಲ. ಆಮೇಲೆ ಬೀಸು, ಒಟ್ಟು ಇಪ್ಪತ್ತೈದಕ್ಕೆ ಮೀರದಂತೆ. ಮೂರು ಬೀಸಿಗೊಮ್ಮೆ ಎರಡು ಮೂರು ನಿಮಿಷ ಬೆಂಚಿನ ಮೇಲೆ ಕೂರಬೇಕು. ಚೆಂಡು ಇಡುವುದಿಲ್ಲ, ಚೆಂಡು ಕಂಡರೆ ಮನುಷ್ಯ ತಪ್ಪೀತೆಂದು ಕೈ ಹಿಡಿಯುತ್ತಾನೆ. ಆ ದಿನದ ಗರಿಷ್ಠ ಅಂಕಿಗಿಂತ ಮೂರು ಮೈಲಿ ಕಡಿಮೆ ಬೀಸು ಎರಡು ಸಲ ಬಂದರೆ ಆಟ ಬಂದ್, ಇಪ್ಪತ್ತೈದು ಮುಗಿದಿರಲಿ ಬಿಡಲಿ. ಭಾರ ಎತ್ತುವುದು ಬೇರೆ ದಿನ, ಅದನ್ನು ಬಿಟ್ಟಿಲ್ಲ.

ಪಟ್ಟಿ ನೋಡಿ ಅವರ ಮುಖ ಸಪ್ಪಗಾಯಿತು. ಮೊದಲ ಸಾಲಿನ ಬೆವರಿನ ಮಾತು ಬಂದದ್ದು ಆಗಲೇ. ಫಾಸ್ಫೋಕ್ರಿಯಾಟಿನ್ ಎಂದೆಲ್ಲ ವಿವರಿಸಿದೆ, ತಲೆ ಅಲ್ಲಾಡಿಸಿದರು, ನಂಬಲಿಲ್ಲ. ಕೊನೆಗೆ ನೋಟ್‌ಬುಕ್ ತೆರೆದು ‘ಫೋ’ ಗುರುತುಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. “ನಮ್ಮ ಸಿಎನ್‌ಸಿ ಯಂತ್ರವೂ ಹೀಗೆಯೇ ಮಾಸ್ಟರ್. ಸ್ಪಿಂಡಲ್ ಬಿಸಿಯಾದರೆ ಅಳತೆ ಜಾರುತ್ತದೆ. ಹುಡುಗರು ನಿಲ್ಲಿಸದೆ ಓಡಿಸಿ ನೂರು ಪೀಸು ತೆಗೆದೆವು ಎನ್ನುತ್ತಾರೆ, ಅರವತ್ತು ರಿಜೆಕ್ಟ್.” ಅಲ್ಲಿಂದ ಮುಂದೆ ನಾನು ವಿವರಿಸುವ ಪ್ರಮೇಯ ಬರಲಿಲ್ಲ.

ಎಲ್ಲರೂ ಹೀಗೆ ಒಪ್ಪುವುದಿಲ್ಲ. ತರುಣರು ಅಮೆರಿಕದ ಗಾಲ್ಫ್ ಆಟಗಾರ ಬ್ರೈಸನ್ ಡಿಶಾಂಬೋ ವಿಡಿಯೊ ಹಿಡಿದುಕೊಂಡು ಬರುತ್ತಾರೆ. 2020ರಲ್ಲಿ ಆತ ಮೈ ಬೆಳೆಸಿಕೊಂಡು ಬಂದು, ವಿಂಗ್ಡ್ ಫುಟ್ ಮೈದಾನದಲ್ಲಿ ಯು.ಎಸ್. ಓಪನ್ ಅನ್ನು ಆರು ಹೊಡೆತಗಳ ಅಂತರದಲ್ಲಿ ಗೆದ್ದದ್ದು ನಿಜ. 2022ರಲ್ಲಿ ಎಡಗೈ ಮಣಿಕಟ್ಟಿನ ಪುಟ್ಟ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದೂ ನಿಜ. ಆ ವಿಡಿಯೊ ಯಾರೂ ತರುವುದಿಲ್ಲ. ನಾನು ಅವರಿಗೆ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ಹೆಸರು ಹೇಳುತ್ತೇನೆ. ಸಣಕಲು ಮೈಯ ಇಂಗ್ಲೆಂಡಿನ ಆಟಗಾರ, ತೂಕ ಬದಲಿಸಬಹುದಾದ ಕೋಲಿನಲ್ಲಿ ಲೆಕ್ಕ ಹಾಕಿ ಬೀಸಿ ವೇಗ ಗಳಿಸಿದವನು, 2022ರ ಯು.ಎಸ್. ಓಪನ್ ಗೆದ್ದವನು. ಚಿಕ್ಕಂದಿನಿಂದಲೂ ತನ್ನ ಹೊಡೆತಗಳನ್ನು ಪುಸ್ತಕದಲ್ಲಿ ಬರೆದಿಡುತ್ತಾನಂತೆ. ಓದುತ್ತಾನೆ ಕೂಡ ಎಂದು ನನ್ನ ಊಹೆ.

ಇನ್ನು ಕೆಲವರಿಗೆ ವೇಗದ ಗೊಡವೆಯೇ ಬೇಡ. ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೂರ ಹೊಡೆಯುವವರ ಸಾಲಿನಲ್ಲಿ ತೀರಾ ಹಿಂದಿದ್ದರು. ಪಟ್ಟಿಂಗ್, ಎಂದರೆ ಕುಳಿಯ ಹತ್ತಿರದಿಂದ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತದ ಬಲದ ಮೇಲೆ ನಾಲ್ಕನೆಯ ಸ್ಥಾನಕ್ಕೆ ಬಂದರು, ಕಂಚು ಒಂದೇ ಹೊಡೆತದಲ್ಲಿ ತಪ್ಪಿತು. ಮೂರಡಿಯ ಪಟ್ ತಪ್ಪಿಸುವವರು ನನ್ನ ಬಳಿ ವೇಗ ಕೇಳಿಕೊಂಡು ಬಂದರೆ ಕೋಚ್ ಬಳಿಗೆ ವಾಪಸ್ ಕಳಿಸುತ್ತೇನೆ. ಜಿಮ್ ಮಾಲೀಕರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ.

ಅವರಿಗೆ ಹಿಡಿಸದ ಇನ್ನೊಂದು ಸಂಗತಿ, ನಾನೂ ಗಿರಾಕಿಯೂ ಬೆಂಚಿನ ಮೇಲೆ ಸುಮ್ಮನೆ ಕೂತಿರುವ ನೋಟ. ಒಮ್ಮೆ ಕರೆದು ಕೇಳಿದರು, ಗಾಜಿನ ಗೋಡೆಯ ಆಚೆಯಿಂದ ನೋಡುವವರು ಏನೆಂದುಕೊಳ್ಳುತ್ತಾರೆ ಎಂದು. ನ್ಯಾಯವಾದ ಪ್ರಶ್ನೆಯೇ. ಹಬ್ಬಕ್ಕೆ ಊರಿಗೆ ಹೋದಾಗ ಇದನ್ನೆಲ್ಲ ಮಾವನಿಗೆ ಹೇಳಿದೆ. “ಪೈಲ್ವಾನರು ಬೆಳಗಿನ ಸಾಮು ಮುಗಿಸಿ ಉಂಡು ಮಧ್ಯಾಹ್ನ ಮಲಗುತ್ತಿದ್ದದ್ದು ಮರೆತೆಯಾ? ನಿನಗೆ ಬೆವರು ಮಾತ್ರ ಕಂಡಿತು” ಎಂದರು. ಅಷ್ಟು ವರ್ಷ ಗರಡಿಯಲ್ಲಿದ್ದೂ ನನಗೆ ಇದು ಕಂಡಿರಲಿಲ್ಲ.

ಪೀಣ್ಯದವರು ಈಗಲೂ ಬರುತ್ತಾರೆ. ಹದಿನಾಲ್ಕು ತಿಂಗಳಲ್ಲಿ 98 ಮುಟ್ಟಿದ್ದಾರೆ, ನೂರು ಇನ್ನೂ ಆಗಿಲ್ಲ. ಕಳೆದ ಗುರುವಾರ ಮೂರು ಬೀಸು ಮುಗಿಸಿ ಬೆಂಚಿನ ಮೇಲೆ ಕೂತವರೇ ಫೋರ್‌ಮನ್‌ಗೆ ತಾವಾಗಿ ಫೋನ್ ಹಚ್ಚಿದರು. “ಎರಡೂವರೆ ನಿಮಿಷ ಇದೆ, ಏನೇನು ತೊಂದರೆ ಎಲ್ಲ ಹೇಳಿಬಿಡು.” ನನ್ನ ಗಡಿಯಾರ ಕೂಗಿದಾಗ ಆ ಕಡೆಯವನು ಇನ್ನೂ ಮಾತಾಡುತ್ತಲೇ ಇದ್ದ. ಫೋನ್ ಕೆಳಗಿಟ್ಟು ಎದ್ದು ಬೀಸಿದರು. 97. ಮುಂದಿನದು 94, ಅದರ ಮುಂದಿನದೂ 94. ನಾನು ಬಾಯಿ ತೆರೆಯುವ ಮೊದಲೇ ಕೋಲುಗಳನ್ನು ಚೀಲಕ್ಕೆ ಸೇರಿಸಿ ಜಿಪ್ ಎಳೆದರು.