ರೊಕ್ಕ ನಿಲ್ಲಲಿ, ಊಟ ನಿಲ್ಲದಿರಲಿ

ಮಗನ ಪ್ಯಾಂಟು ತೊಳೆಯಲು ಹಾಕುವಾಗ ಕಿಸೆಯಲ್ಲಿ ನಶೆ ಗುಳಿಗೆಯ ಖಾಲಿ ಪಟ್ಟಿ ಸಿಗುತ್ತದೆ. ಇಲ್ಲವೇ ಅಟ್ಟದ ಮೇಲೆ ವೈಟ್ನರ್ ಬಾಟಲಿ, ಪಂಕ್ಚರ್ ಸೊಲ್ಯೂಷನ್ ವಾಸನೆ ಹೊಡೆಯುವ ಕರವಸ್ತ್ರ, ತಂಬಾಕು ಉದುರಿಸಿ ಗಾಂಜಾ ತುಂಬಿದ ಸಿಗರೇಟು. ಆಮೇಲೆ ಹೆಚ್ಚಿನ ಮನೆಗಳಲ್ಲಿ ಆಗುವುದು ಒಂದೇ. ಅಪ್ಪ ಕೈ ಎತ್ತುತ್ತಾನೆ, ಅವ್ವ ಅಳುತ್ತಾಳೆ, ರಾತ್ರಿಯೊಳಗೆ ಕಾಕಾ, ಸೋದರಮಾವ ಎಲ್ಲ ಬಂದು ಪಡಸಾಲೆಯಲ್ಲಿ ಪಂಚಾಯಿತಿ ಕೂಡುತ್ತಾರೆ. ಹುಡುಗ ಎಲ್ಲರ ಕಾಲಿಗೆ ಬಿದ್ದು ಆಣೆ ಮಾಡುತ್ತಾನೆ. ಮೂರನೇ ದಿನ ಮತ್ತೆ ಅದೇ. ಆಣೆ ಮಾಡುವಾಗ ಅವನು ಸುಳ್ಳು ಹೇಳಿರುವುದಿಲ್ಲ. ಮೈ ನಡುಗಲು ಶುರುವಾದಾಗ ಆಣೆ ಅವನನ್ನು ಹಿಡಿದು ನಿಲ್ಲಿಸಲಾರದು, ಅಷ್ಟೇ.

ನಶೆಯಲ್ಲಿದ್ದವನ ಜೊತೆ ಮಾತು ಬೇಡ. ಮರುದಿನ ಬೆಳಿಗ್ಗೆ, ಒಂದು ರೊಟ್ಟಿ ಹೊಟ್ಟೆಗೆ ಬಿದ್ದಮೇಲೆ, ಮನೆಯಲ್ಲಿ ಅವನು ಯಾರಿಗೆ ಕಡಿಮೆ ಹೆದರುತ್ತಾನೋ ಅವರೊಬ್ಬರೇ ಮಾತಾಡಲಿ. “ನಿನ್ನ ಕಿಸೇದಾಗ ಈ ಗುಳಿಗಿ ಸಿಕ್ಕಾವು. ಹೊಡಿಯಾಕ ಕರದಿಲ್ಲ. ಏನ್ ತಗೋತಿ, ದಿನಕ್ಕ ಎಷ್ಟು ತಗೋತಿ, ಕಡೀಕ ಯಾವಾಗ ತಗೊಂಡಿ, ಇಷ್ಟು ಹೇಳು. ನಾಳೆ ಇಬ್ರೂ ಕೂಡಿ ಡಾಕ್ಟರ್ ಕಡೆ ಹೋಗೋಣು.” ಡಾಕ್ಟರ್ ಮೊದಲು ಕೇಳುವುದೂ ಈ ಮೂರು ಪ್ರಶ್ನೆಗಳನ್ನೇ. ಯಾರು ಕಲಿಸಿದರು, ಯಾಕೆ ಹಿಂಗ ಮಾಡಿದಿ ಎಂಬುದನ್ನು ಆಮೇಲೆ ಕೇಳಿದರಾಯಿತು. ಮೊದಲೇ ಕೇಳಿದರೆ ಹುಡುಗ ಬಾಯಿ ಮುಚ್ಚಿಬಿಡುತ್ತಾನೆ.

ಏನು ತೆಗೆದುಕೊಳ್ಳುತ್ತಿದ್ದಾನೆ ಎಂಬುದು ಗೊತ್ತಾಗಲೇಬೇಕು. ಯಾಕೆಂದರೆ ಬಿಟ್ಟಾಗಿನ ಅಪಾಯ ಒಂದೊಂದಕ್ಕೆ ಒಂದೊಂದು ತೆರ. ದಿನಾ ಶೆರೆ ಕುಡಿಯುವವನು ಅಥವಾ ತಿಂಗಳುಗಟ್ಟಲೆ ನಿದ್ದೆ ಗುಳಿಗೆ ನುಂಗಿದವನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು. ಶೆರೆ ಬಿಟ್ಟ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು ಶುರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ ಹುಳ, ಇಲ್ಲದ ಮನುಷ್ಯರು ಕಾಣಿಸಿ ಬಡಬಡಿಸತೊಡಗಿದರೆ ಅದನ್ನು ಗಾಳಿ ಸೋಕಿದ್ದು ಎಂದುಕೊಂಡು ತಾಯಿತ ಕಟ್ಟಿಸಲು ಓಡಬೇಡಿ. ಅದು ತುರ್ತು ಚಿಕಿತ್ಸೆಯ ಹೊತ್ತು. ಮಗನನ್ನು ಖೋಲಿಯಲ್ಲಿ ಹಾಕಿ ಕೀಲಿ ಜಡಿದು ಬಿಡಿಸುತ್ತೇವೆ ಎನ್ನುವವರು ಇದೊಂದಕ್ಕಾಗಿಯಾದರೂ ಕೈಬಿಡಬೇಕು. ಆಸ್ಪತ್ರೆಯಲ್ಲಿ ನಡುಕಕ್ಕೆ ಗುಳಿಗೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ಆ ಗುಳಿಗೆಗಳು ಅವ್ವನ ಕೈಯಲ್ಲಿರಲಿ. ಪೂರ್ತಿ ಪಟ್ಟಿ ಅವನ ಕೈಗೆ ಹೋದರೆ ಅದೇ ಹೊಸ ಚಟ.

ನೋವಿನ ಗುಳಿಗೆ, ಕೋಡೀನ್ ಇರುವ ಕೆಮ್ಮಿನ ಔಷಧ, ಬ್ರೌನ್ ಶುಗರ್ ಇವೆಲ್ಲ ಅಫೀಮಿನ ಬಳಗ. ಬಿಟ್ಟ ಮರುದಿನವೇ ಮೂಗು ಸೋರುವುದು, ಆಕಳಿಕೆ, ಮೈ ಜುಮ್ಮೆನ್ನುವುದು, ಭೇದಿ, ಎಲುಬು ಮುರಿದಂಥ ನೋವು. ಎರಡು ಮೂರನೇ ದಿನ ಹೆಚ್ಚು, ವಾರ ಹತ್ತು ದಿನಕ್ಕೆ ಇಳಿಮುಖ. ಪ್ರಾಣ ಹೋಗುವುದು ಅಪರೂಪ, ಆದರೆ ಹುಡುಗನಿಗೆ ಸತ್ತೇ ಹೋಗುತ್ತೇನೆ ಅನಿಸುತ್ತದೆ. ಅದಕ್ಕೇ ಓಡಿಹೋಗುತ್ತಾನೆ. ಓಆರ್‌ಎಸ್ ನೀರು, ಗಂಜಿ, ತೆಳು ಮಜ್ಜಿಗೆ ಕೊಡುತ್ತ ಡಾಕ್ಟರ್ ಬಳಿ ಕರೆದೊಯ್ಯಿರಿ. ಬುಪ್ರೆನಾರ್ಫಿನ್ ಎಂಬ ಗುಳಿಗೆಯನ್ನು ನಾಲಿಗೆ ಕೆಳಗೆ ಇಡಿಸಿ ತಿಂಗಳಾನುಗಟ್ಟಲೆ ನಡೆಸಿದರೆ, “ಒಂದು ಬಿಡಿಸಿ ಇನ್ನೊಂದು ಹಚ್ಚಿದ್ರು” ಎಂದು ಮನೆಯವರೇ ನಿಲ್ಲಿಸಿಬಿಡುವುದುಂಟು. ಇದು ದೊಡ್ಡ ತಪ್ಪು. ಅಳತೆ ತಪ್ಪದೆ ಆ ಗುಳಿಗೆ ನಡೆದಷ್ಟು ದಿನ ಅವನು ಕೆಲಸಕ್ಕೆ ಹೋಗುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ.

ಗಾಂಜಾ ಬಿಟ್ಟರೆ ಸಿಟ್ಟು, ನಿದ್ದೆಗೇಡು, ಊಟ ಸೇರದಿರುವುದು. ಮೊದಲ ವಾರ ಜೋರು, ಎರಡು ವಾರದಲ್ಲಿ ಬಹುಪಾಲು ಶಾಂತ. ಆದರೆ “ಎಲ್ಲಾರೂ ನನ್ನ ಬಗ್ಗೇನ ಮಾತಾಡ್ತಾರ”, “ಯಾರೋ ಕರೀತಾರ” ಎಂದರೆ ಕಾಯದೆ ಡಾಕ್ಟರ್ ಬಳಿ ಕರೆದೊಯ್ಯಿರಿ. ವೈಟ್ನರ್, ಥಿನ್ನರ್, ಸೊಲ್ಯೂಷನ್ ಮೂಸುವ ಮಕ್ಕಳ ವಿಷಯದಲ್ಲಿ ಒಂದು ಮಾತು ನೆನಪಿಡಿ: ಮೂಸುತ್ತಿರುವಾಗ ಕಂಡರೆ ಹಿಂದಿನಿಂದ ಹೋಗಿ ಬೆಚ್ಚಿಬೀಳಿಸಬಾರದು, ಅಟ್ಟಿಸಿಕೊಂಡು ಓಡಬಾರದು. ಆ ಗಳಿಗೆಯಲ್ಲಿ ಹೆದರಿಕೆ, ಓಟ ಎರಡೂ ಹೃದಯದ ಬಡಿತ ತಪ್ಪಿಸಿ ನಿಂತಲ್ಲೇ ಸಾವು ತರಬಲ್ಲವು. ಮೆಲ್ಲಗೆ ಮಾತಾಡಿಸಿ, ಬಾಟಲಿ ತೆಗೆದುಕೊಂಡು, ಗಾಳಿಯಾಡುವ ಕಡೆ ಕೂರಿಸಿ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ಹಾಗಾಗಿ ರಿಪೋರ್ಟ್ ನೋಡಿ ನಿಶ್ಚಿಂತರಾಗಬೇಡಿ.

ಸಂತೆಯಲ್ಲಿ ಸಿಗುವ, ಸಾರಿನಲ್ಲಿ ಗೊತ್ತಿಲ್ಲದಂತೆ ಕಲಸಿಕೊಡುವ “ದಾರು ಬಿಡಿಸುವ ಪುಡಿ”ಯನ್ನು ದಯವಿಟ್ಟು ಮುಟ್ಟಬೇಡಿ. ಡೈಸಲ್ಫಿರಾಮ್‌ನಂಥ ಗುಳಿಗೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಬೀಳುತ್ತಾರೆ. ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಯೇ ಕೊಡುವ ಔಷಧ ಅದು. ಪಂಢರಪುರದ ಮಾಳ (ತುಳಸಿಮಾಲೆ) ಹಾಕಿಸುವುದು, ಸವದತ್ತಿ ಯಲ್ಲಮ್ಮನಿಗೆ ಹರಕೆ ಹೊರುವುದು ಬೇಡವೆಂದು ಯಾರೂ ಹೇಳಲಾರರು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದ ನಾಡಿದು, ಅವರು ಹುಟ್ಟಿದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮಾಳ, ಜೋಳಿಗೆ ಮನಸ್ಸಿಗೆ ಆಸರೆ ಕೊಡುತ್ತವೆ, ಹಳೆಯ ಗೆಳೆಯರಿಗೆ “ಒಲ್ಲೆ” ಎನ್ನಲು ಒಂದು ಕಾರಣ ಕೊಡುತ್ತವೆ. ಮೊದಲ ವಾರದ ಫಿಟ್ಸ್ ತಡೆಯುವುದು ಔಷಧ. ಮೊದಲು ದವಾಖಾನೆ, ಆಮೇಲೆ ಮಾಳ.

ಇನ್ನು ರೊಕ್ಕ. ಚಿಕಿತ್ಸೆ ಕೆಡುವುದು ಬಹಳ ಮನೆಗಳಲ್ಲಿ ಇಲ್ಲೇ. ಅಪ್ಪ ನಿಲ್ಲಿಸುತ್ತಾನೆ, ಆಯಿ ಸೆರಗಿನ ಗಂಟು ಬಿಚ್ಚಿ ಐವತ್ತು ಕೊಡುತ್ತಾಳೆ, ಅಕ್ಕ ಫೋನ್‌ಪೇ ಮಾಡುತ್ತಾಳೆ. ಎಲ್ಲರದೂ ಪ್ರೀತಿಯೇ, ಹೋಗಿ ಸೇರುವುದು ಮಾತ್ರ ಗುಳಿಗೆ ಮಾರುವವನ ಕಿಸೆಗೆ. ಒಂದು ಸಂಜೆ ಅವನಿಲ್ಲದಾಗ ಮನೆಮಂದಿಯೆಲ್ಲ ಕೂತು ಒಂದೇ ಮಾತಿಗೆ ಬರಬೇಕು: ಕೈಗೆ ನಗದು ಇಲ್ಲ. ಕಾಲೇಜ್ ಫೀ ನೇರ ಕಾಲೇಜಿಗೆ, ಓಡಾಡಲು ಬಸ್ ಪಾಸ್, ಚಪ್ಪಲಿ ಬೇಕೆಂದರೆ ಜೊತೆಗೆ ಹೋಗಿ ಕೊಡಿಸುವುದು. ಜೋಳದ ಡಬ್ಬಿಯಲ್ಲಿ, ದೇವರ ಜಗಲಿಯ ಹಿಂದೆ ಇಟ್ಟ ದುಡ್ಡು, ಬಂಗಾರ ಜಾಗ ಬದಲಿಸಲಿ, ಎಟಿಎಂ ಪಿನ್ ಬದಲಾಗಲಿ. ನಿಮ್ಮ ಆಧಾರ್, ಪ್ಯಾನ್ ಅವನ ಫೋನಿನಲ್ಲಿದ್ದರೆ ಸಾಲದ ಆಪ್‌ಗಳನ್ನೂ ನೋಡಿ. ಮಗ್ಗದಲ್ಲಿ, ಗ್ಯಾರೇಜಿನಲ್ಲಿ ದುಡಿಯುವ ಹುಡುಗನಿಗೆ ಸಂತೆ ದಿನ ವಾರದ ಪಗಾರ ಕೈಗೆ ಬರುವ ಸಂಜೆಯೇ ಗಂಡಾಂತರ. ಅವನೇ ಒಪ್ಪಿದರೆ ಪಗಾರ ನೇರ ಅವ್ವನ ಖಾತೆಗೆ ಬರುವಂತೆ ಮಾಲೀಕರಿಗೆ ಹೇಳಬಹುದು. ಪಾನ್ ಅಂಗಡಿಯ ಉದ್ರಿ ತೀರಿಸಲು ಹೋಗಬೇಡಿ, ತೀರಿಸಿದಷ್ಟೂ ಹೊಸ ಉದ್ರಿ ಹುಟ್ಟುತ್ತದೆ.

ಹಾಗೆಂದು ಊಟ ನಿಲ್ಲಿಸಬಾರದು. ಎಷ್ಟೇ ತಡವಾಗಿ ಬಂದರೂ ತಾಟು ಮುಚ್ಚಿಟ್ಟಿರಲಿ, ಹಾಸಿಗೆ ಇರಲಿ. ಹೊರಗೆ ಹಾಕಿದ ಹುಡುಗನಿಗೆ ಆಸರೆ ಸಿಗುವುದು ಕಟ್ಟೆಯ ಮೇಲೆ ಕೂಡಿ ನಶೆ ಮಾಡುವ ಗೆಳೆಯರ ಬಳಿಯೇ. ಅವನು ಕೈ ಮಾಡಿದರೆ, ಸಾಮಾನು ಒಡೆದರೆ ಅದು ಬೇರೆ ಮಾತು. ವಾದಕ್ಕಿಳಿಯದೆ ಸಣ್ಣ ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಎಲ್ಲಿಗೆ ಹೋಗುವುದು? ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ರೋಗ ವಿಭಾಗವಿದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆಯಿದೆ, ಹೊರಡುವ ಮೊದಲು ಫೋನ್ ಮಾಡಿ ಈ ವಾರ ಬರುತ್ತಾರೋ ಕೇಳಿಕೊಳ್ಳಿ. ಗಂಭೀರವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಹೋಗುವಾಗ ಸಿಕ್ಕ ಪಟ್ಟಿ, ಬಾಟಲಿ ಎಲ್ಲ ಚೀಲದಲ್ಲಿ ಹಾಕಿಕೊಳ್ಳಿ. ಪೊಲೀಸರಿಗೆ ಗೊತ್ತಾಗುತ್ತದೆಂದು ತಡಮಾಡಬೇಡಿ: 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಮಾಹಿತಿ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಹೋದರೆ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂತೆಗೆಯಬಹುದು. 18 ತುಂಬದ ಮಗುವಿಗೆ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ.

ಖಾಸಗಿ ವ್ಯಸನಮುಕ್ತಿ ಕೇಂದ್ರ ಸೇರಿಸುವ ಮುನ್ನ ಹಗಲು ಹೊತ್ತಿನಲ್ಲಿ ಹೋಗಿ ನೋಡಿ. ಮನೋವೈದ್ಯರು ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಕೇಳಿ. ತಿಂಗಳುಗಟ್ಟಲೆ ಮಗನ ಜೊತೆ ಮಾತಾಡಲು ಬಿಡುವುದಿಲ್ಲ ಎಂದರೆ, ರಾತ್ರಿ ಗಾಡಿ ಕಳಿಸಿ ಎಳೆದೊಯ್ಯುತ್ತೇವೆ ಎಂದರೆ ಅಲ್ಲಿಂದ ಎದ್ದುಬನ್ನಿ. ಸರಪಳಿ ಹಾಕುವುದು ಕಾನೂನಿನಲ್ಲೇ ನಿಷಿದ್ಧ. 18ರೊಳಗಿನವರನ್ನು ದೊಡ್ಡವರಿಂದ ಬೇರೆಯಾಗಿ ಇಡಬೇಕು, ಮನೆಯವರೊಬ್ಬರು ಜೊತೆಗಿರಬೇಕು.

ವಾಪಸ್ಸು ಬಂದ ಮೇಲಿನ ಮೊದಲ ವಾರಗಳು ಬಲು ನಾಜೂಕು. ಬಿಟ್ಟಿದ್ದರಿಂದ ಮೈಯ ತಾಳಿಕೆ ಇಳಿದಿರುತ್ತದೆ. ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ ಗುಳಿಗೆ ಈಗ ಉಸಿರು ನಿಲ್ಲಿಸಬಲ್ಲದು. ಇದನ್ನು ಮಗನಿಗೂ ಬಾಯಿಬಿಟ್ಟು ಹೇಳಿ. ಎಬ್ಬಿಸಿದರೆ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ ಎಂದಾದರೆ 108ಕ್ಕೆ ಕರೆ ಮಾಡಿ, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಳಿಯಲ್ಲೇ ಇರಿ. ನಿಂಬೆಹಣ್ಣು, ಉಪ್ಪುನೀರು, ಮಜ್ಜಿಗೆ ಏನೂ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಗೊರಕೆ ಹೊಡೆಯುತ್ತಿದ್ದಾನೆ, ಮಲಗಲಿ ಬಿಡು ಎಂದು ಬಾಗಿಲು ಎಳೆದುಕೊಂಡು ಹೋದ ರಾತ್ರಿಗಳಲ್ಲೇ ಮಕ್ಕಳು ಕೈತಪ್ಪುವುದು.

ಮತ್ತೆ ಶುರು ಮಾಡಿದನೆಂದರೆ ಅದೇ ಹಳೆಯ ಚೀಟಿ ಹಿಡಿದು ಅದೇ ಡಾಕ್ಟರ್ ಬಳಿ, ಅದೇ ವಾರ ಹೋಗಿ. ಸಕ್ಕರೆ ಕಾಯಿಲೆ ಏರಿದಾಗ ಹೋಗುವಂತೆ. “ಮದುವಿ ಮಾಡಿದ್ರ ಸುಧಾರಸ್ತಾನ” ಎನ್ನುವ ಹಿರಿಯರ ಮಾತಿಗೆ ಗಟ್ಟಿಯಾಗಿ ಒಲ್ಲೆ ಎನ್ನಿ. ಬೇರೆಯವರ ಮಗಳ ಬಾಳು ನಿಮ್ಮ ಮಗನ ಔಷಧವಲ್ಲ.

ಓಣಿಯವರಿಗೆ “ಆರಾಮಿಲ್ಲ, ಔಷಧ ನಡದೈತಿ” ಎಂದರೆ ಸಾಕು. ಒಬ್ಬರಿಗಾದರೂ, ತಂಗಿಗೋ ಗೆಳತಿಗೋ, ಎಲ್ಲ ಬಿಚ್ಚಿ ಹೇಳಿ. ಅವನು ಬರುವವರೆಗೆ ಕಾಯುವುದನ್ನು ಗಂಡ ಹೆಂಡತಿ ಸರದಿ ಹಾಕಿಕೊಳ್ಳಿ, ಇಬ್ಬರೂ ನಿದ್ದೆಗೆಟ್ಟರೆ ಬೆಳಿಗ್ಗೆ ಜಗಳ ನಿಮ್ಮಿಬ್ಬರ ನಡುವೆಯೇ. ನಿಮ್ಮ ಬಿಪಿ ಗುಳಿಗೆ ತಪ್ಪಿಸಬೇಡಿ. ಹತ್ತನೇ ಇಯತ್ತೆಯ ತಂಗಿಯ ಪರೀಕ್ಷೆ ಮರೆಯಬೇಡಿ. ಮಗ ಬರಲು ಒಪ್ಪದಿದ್ದರೂ ನೀವೊಬ್ಬರೇ ಮನೋವೈದ್ಯರನ್ನು ಕಾಣಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮೊದಲ ಕರೆಯಲ್ಲಿ ಅಳು ಬಂದು ಮಾತೇ ಹೊರಡದಿದ್ದರೆ ಫೋನ್ ಇಟ್ಟು, ನೀರು ಕುಡಿದು, ಮತ್ತೆ ಮಾಡಿ.