ಬಂಗಲ್ ಬಂಗಲ್ ದಾರಿ: ಆ 53 ಕಿಲೋಮೀಟರ್‌ಗೆ ಅರ್ಧ ದಿನ ಎತ್ತಿಡಿ

ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿರುವ ನಮ್ಮ ಕನ್ನಡದವರಲ್ಲಿ ಮೂರು ಮನೆಯವರು ಈಗಾಗಲೇ ಕೇಳಿದ್ದಾರೆ, "ಬಂಗಲ್ ಬಂಗಲ್ ರಸ್ತೆ ಅಷ್ಟು ಕೆಟ್ಟದಾ? ನಮ್ಮ ಕಾರು ಹೋಗುತ್ತಾ?" ಅಂತ. ಪ್ರತಿ ಸಲ ಫೋನಿನಲ್ಲಿ ಅದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡುತ್ತೇನೆ. ನಿಮ್ಮ ಮಾಮೂಲಿ ಕಾರು ಹೋಗುವುದಿಲ್ಲ. ರಸ್ತೆ ನೀವು ಹೆದರಿಕೊಂಡಷ್ಟು ಕೆಟ್ಟದಲ್ಲ. ಆದರೆ ಆತುರದಲ್ಲಿದ್ದರೆ ಅದಕ್ಕಿಂತ ಕೆಟ್ಟ ರಸ್ತೆ ಇನ್ನೊಂದಿಲ್ಲ.

ಬಂಗಲ್ ಬಂಗಲ್ ಅಂದರೆ ಪಟ್ಟೆ ಪಟ್ಟೆ ಕಲ್ಲುಗುಮ್ಮಟಗಳ ಬೆಟ್ಟಸಾಲು, ಅದಿರುವ ಜಾಗದ ಸರಿಯಾದ ಹೆಸರು ಪುರ್ನುಲುಲು ನ್ಯಾಷನಲ್ ಪಾರ್ಕ್. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿದೆ. ಅಲ್ಲಿನ ಮೂಲನಿವಾಸಿಗಳಾದ ಗಿಜಾ ಜನರ ಭಾಷೆಯಲ್ಲಿ ಪುರ್ನುಲುಲು ಅಂದರೆ ಮರಳುಗಲ್ಲು. 1983ರಲ್ಲಿ ಟಿವಿಯವರು ವಿಮಾನದಿಂದ ಚಿತ್ರ ತೆಗೆದು ತೋರಿಸುವವರೆಗೂ ಅಲ್ಲಿನ ಮೂಲನಿವಾಸಿಗಳು ಮತ್ತು ದನ ಕಾಯುವವರನ್ನು ಬಿಟ್ಟರೆ ಹೊರಗಿನವರಿಗೆ ಇದು ಹೆಚ್ಚುಕಡಿಮೆ ಗೊತ್ತೇ ಇರಲಿಲ್ಲ. 1987ರಲ್ಲಿ ಪಾರ್ಕ್ ಆಯಿತು, 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಾವು ಹೋಗಿದ್ದು ಜುಲೈನಲ್ಲಿ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಜೊತೆಗೆ ಮೆಲ್ಬರ್ನ್‌ನಿಂದ ಬಂದಿದ್ದ ನನ್ನ ಭಾವ. ಮಳೆಗಾಲದಲ್ಲಿ ಪಾರ್ಕ್ ಮುಚ್ಚಿರುತ್ತದೆ. ಸುಮಾರು ಏಪ್ರಿಲ್‌ನಿಂದ ನವೆಂಬರ್‌ವರೆಗೆ ತೆರೆದಿರುತ್ತದೆ, ಅದೂ ಮಳೆ ನೋಡಿಕೊಂಡು. ಮೊದಮೊದಲು ಹೋದರೆ ಹಳ್ಳಗಳಲ್ಲಿ ನೀರು ಜಾಸ್ತಿ, ಅಕ್ಟೋಬರ್‌ಗೆ ಹೋದರೆ ಬಿಸಿಲು ನಲವತ್ತು ದಾಟುತ್ತದೆ. ಜೂನ್, ಜುಲೈ, ಆಗಸ್ಟ್ ಒಳ್ಳೆಯದು. ರಾತ್ರಿ ಮಾತ್ರ ನಡುಕ ಬರುವಷ್ಟು ಚಳಿ. ಆಸ್ಟ್ರೇಲಿಯಾ ಮರುಭೂಮಿ ಅಲ್ವಾ, ಸೆಖೆ ಇರುತ್ತೆ ಅಂತ ನಮ್ಮ ಭಾವ ಒಂದೇ ಒಂದು ತೆಳ್ಳನೆಯ ಹೊದಿಕೆ ತಂದಿದ್ದರು. ಮೊದಲ ರಾತ್ರಿ ಅವರು ಮಲಗಿದ್ದು ಕಾರಿನೊಳಗೆ.

ಡಾರ್ವಿನ್‌ನಿಂದ ಕ್ಯಾಥರಿನ್, ಟಿಂಬರ್ ಕ್ರೀಕ್ ಮೇಲೆ ಗಡಿಯಾಚೆಯ ಕನನರಾ ಊರಿಗೆ 830 ಕಿಲೋಮೀಟರ್ ಆಸುಪಾಸು, ಪೂರ್ತಿ ಟಾರು ರಸ್ತೆ. ಟಿಂಬರ್ ಕ್ರೀಕ್ ಹತ್ತಿರ ಬರುತ್ತಿದ್ದಂತೆ ಹೊಟ್ಟೆ ದಪ್ಪಗಿರುವ ಬೋಆಬ್ ಮರಗಳು ಸಿಗುತ್ತವೆ. ಸವಣೂರಿನ ದೊಡ್ಡ ಹುಣಸೆ ಮರ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಅದು ಆಫ್ರಿಕಾದ ಜಾತಿ, ಇದು ಅದರ ದಾಯಾದಿ. ನನ್ನ ಹೆಂಡತಿ ಹಾವೇರಿ ಕಡೆಯವಳು, ಮೂರು ಸಲ ಕಾರು ನಿಲ್ಲಿಸಿದಳು.

ರಾಜ್ಯದ ಗಡಿಯಲ್ಲಿ ಎರಡು ವಿಷಯ ನೆನಪಿಡಿ. ಒಂದು, ಪಶ್ಚಿಮ ಆಸ್ಟ್ರೇಲಿಯಾದೊಳಗೆ ಹಸಿ ಹಣ್ಣು, ತರಕಾರಿ, ಜೇನುತುಪ್ಪ ಬಿಡುವುದಿಲ್ಲ. ತಪಾಸಣೆ ನಿಜವಾಗಿಯೂ ಇದೆ, ಡಬ್ಬಿ ತೆಗೆದು ನೋಡುತ್ತಾರೆ. ನಮ್ಮ ನಿಂಬೆಹಣ್ಣು, ಮನೆಯಲ್ಲೇ ಬೆಳೆದ ಕರಿಬೇವು, ಈರುಳ್ಳಿ ಎಲ್ಲಾ ಅಲ್ಲೇ ಹೋಯಿತು. ದೋಸೆ ಹಿಟ್ಟಿನ ಡಬ್ಬಿ ಮೂಸಿ ನೋಡಿ ನಕ್ಕು ಬಿಟ್ಟುಕೊಟ್ಟರು. (ಆಗಲೇ ಕಿತ್ತುಕೊಂಡಿದ್ದರೆ ಒಳ್ಳೆಯದಿತ್ತು, ಯಾಕೆ ಅಂತ ಮುಂದೆ ಹೇಳುತ್ತೇನೆ.) ತರಕಾರಿ ಕನನರಾದಲ್ಲೇ ಕೊಳ್ಳಿ. ಎರಡು, ಗಡಿ ದಾಟಿದರೆ ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ಹೋಗುತ್ತದೆ. ಸುಮ್ನೆ ಒಂದೂವರೆ ಗಂಟೆ ಸಿಕ್ಕಿತು ಅಂತ ಖುಷಿಪಡಬೇಡಿ. ಜುಲೈನಲ್ಲಿ ಅಲ್ಲಿ ಸಂಜೆ ಐದೂಕಾಲಿಗೆಲ್ಲಾ ಸೂರ್ಯ ಮುಳುಗುತ್ತಾನೆ. ಮುಂದಿನ ಲೆಕ್ಕವೆಲ್ಲಾ ಇದರ ಮೇಲೇ ನಿಂತಿದೆ.

ಕನನರಾದಿಂದ ಮೊದಲು ವಿಕ್ಟೋರಿಯಾ ಹೈವೇ, ಆಮೇಲೆ ದಕ್ಷಿಣಕ್ಕೆ ಗ್ರೇಟ್ ನಾರ್ದರ್ನ್ ಹೈವೇ, ಒಟ್ಟು ಸುಮಾರು 250 ಕಿಲೋಮೀಟರ್ ಹೋದರೆ ಎಡಕ್ಕೆ ತಿರುವು. ಅದಕ್ಕೆ ಐವತ್ತು ಕಿಲೋಮೀಟರ್ ಮೊದಲು ವಾರ್ಮನ್ ಹತ್ತಿರ ಬಂಕ್ ಇದೆ. ಟ್ಯಾಂಕ್ ಅರ್ಧಕ್ಕಿಂತ ಮೇಲಿದೆ ಅಂತ ಮುಂದೆ ಹೋಗಬೇಡಿ, ಅಲ್ಲೇ ಫುಲ್ ಮಾಡಿಸಿ. ಪಾರ್ಕ್ ಒಳಗೆ ಡೀಸೆಲ್ ಇಲ್ಲ, ಅಂಗಡಿ ಅಂತ ಹೇಳಿಕೊಳ್ಳುವಂಥದ್ದೂ ಇಲ್ಲ. ಒಳಗೆ ಹೋಗಿ ಬರುವುದೇ ನೂರು ಕಿಲೋಮೀಟರ್ ದಾಟುತ್ತದೆ, ಅದರ ಮೇಲೆ ಉತ್ತರ ದಕ್ಷಿಣ ಅಂತ ಓಡಾಟ ಬೇರೆ.

ಈಗ ಆ ರಸ್ತೆ. ಸ್ಪ್ರಿಂಗ್ ಕ್ರೀಕ್ ಟ್ರ್ಯಾಕ್, 53 ಕಿಲೋಮೀಟರ್. ಎತ್ತರದ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು. ಕ್ಯಾರವಾನ್ ಬಿಡುವುದಿಲ್ಲ. ತಿರುವಿನ ಹತ್ತಿರವೇ ಇರುವ ಕ್ಯಾಂಪ್‌ನಲ್ಲಿ ನಿಲ್ಲಿಸಿ ಹೋಗಬಹುದು. ಬಾಡಿಗೆ ಗಾಡಿಯಾದರೆ ಕರಾರು ಪತ್ರವನ್ನು ಕೂತು ಓದಿ. ಮಣ್ಣಿನ ರಸ್ತೆಗೆ ಒಪ್ಪಿಗೆ ಇದೆಯಾ, ಹಳ್ಳ ದಾಟುವಾಗ ಇಂಜಿನ್‌ಗೆ ನೀರು ಹೋದರೆ ಇನ್ಶೂರೆನ್ಸ್ ಬರುತ್ತಾ, ಎರಡನ್ನೂ ಬರವಣಿಗೆಯಲ್ಲಿ ಕೇಳಿ. ಜಾಕ್ ಮತ್ತು ಸ್ಟೆಪ್ನಿಯನ್ನು ಅವರ ಅಂಗಳದಲ್ಲೇ ಬಿಚ್ಚಿ ನೋಡಿ. ನಮಗೆ ಗಾಡಿ ಕೊಟ್ಟವರು ಜಾಕ್ ಕೊಟ್ಟಿದ್ದರು, ಅದರ ಹಿಡಿ ಕೊಟ್ಟಿರಲಿಲ್ಲ. ಭಾವ ಹೊರಡುವ ಮುಂಚೆ ನೋಡಿದ್ದರಿಂದ ಬಚಾವ್.

ತಿರುವಿನಲ್ಲಿ ನಿಲ್ಲಿಸಿ ಟೈರ್ ಗಾಳಿ ಇಳಿಸಿ. ನಾವು 38 ಪಿಎಸ್‌ಐನಿಂದ 28ಕ್ಕೆ ಇಳಿಸಿದೆವು. ಸಣ್ಣ ಕಂಪ್ರೆಸರ್ ಜೊತೆಗಿರಲಿ, ವಾಪಸ್ ಬಂದಾಗ ತುಂಬಬೇಕಲ್ಲ. ಮೊದಲ ಭಾಗ ಖಾಸಗಿ ದನದ ಸ್ಟೇಷನ್ (ದೊಡ್ಡ ದನದ ಫಾರಂ) ಮೇಲೆ ಹೋಗುತ್ತದೆ, ದನಗಳು ಯಾವಾಗ ಅಡ್ಡ ಬರುತ್ತವೋ ಹೇಳಲಾಗುವುದಿಲ್ಲ. ರಸ್ತೆ ಸಿಮೆಂಟ್ ಶೀಟಿನ ಮಾಡಿನ ಹಾಗೆ ಅಡ್ಡಡ್ಡ ಅಲೆ ಅಲೆ. ಆಮೇಲೆ ರಾಗಿ ಹಿಟ್ಟಿನಷ್ಟು ನುಣ್ಣನೆಯ ಧೂಳು, ಅದರ ಕೆಳಗೆ ಗುಂಡಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ದಿಬ್ಬ ಹತ್ತಿದರೆ ಆಚೆ ಬದಿ ಕಾಣುವುದಿಲ್ಲ, ತಿರುವು ಕುರುಡು. ದಿಬ್ಬದ ತುದಿಯಲ್ಲಿ ಎಡಕ್ಕೆ ಒತ್ತಿಕೊಂಡು ಹೋಗಿ. ಹಳ್ಳಗಳು ಒಂದಾದ ಮೇಲೊಂದು ಬರುತ್ತವೆ. ಜುಲೈನಲ್ಲಿ ಹೆಚ್ಚಿನವು ಒಣಗಿದ್ದವು, ಕೆಲವದರಲ್ಲಿ ಮೊಣಕಾಲಿಗಿಂತ ಕಡಿಮೆ ನೀರಿತ್ತು, ಆದರೆ ತಳ ಪೂರ್ತಿ ಉರುಟು ಕಲ್ಲು. ಲೋ ರೇಂಜ್ (ಫೋರ್ ವೀಲ್ ಡ್ರೈವ್‌ನ ನಿಧಾನದ ಗೇರ್) ಹಾಕಿ, ನಿಧಾನ ಒಂದೇ ವೇಗದಲ್ಲಿ ದಾಟಿ, ನಡುವೆ ಗೇರ್ ಬದಲಿಸಬೇಡಿ.

ನಮಗೆ ಎರಡು ಮುಕ್ಕಾಲು ಗಂಟೆ ಹಿಡಿಯಿತು. ಹಿಂದಿನಿಂದ ಬಂದ ಒಂದು ಗಾಡಿ ನಮ್ಮನ್ನು ದಾಟಿ ಧೂಳೆಬ್ಬಿಸಿಕೊಂಡು ಹೋಯಿತು. ಹತ್ತು ಕಿಲೋಮೀಟರ್ ಮುಂದೆ ಅದೇ ಗಾಡಿ ಪಕ್ಕಕ್ಕೆ ನಿಂತಿತ್ತು, ಟೈರಿನ ಪಕ್ಕ ಹರಿದುಹೋಗಿತ್ತು. ನಮ್ಮದೇನು ಕಡಿಮೆ ಇರಲಿಲ್ಲ ಬಿಡಿ. ಪಾರ್ಕ್ ತಲುಪಿ ಹಿಂದಿನ ಬಾಗಿಲು ತೆಗೆದರೆ ಇಪ್ಪತ್ತು ಲೀಟರ್ ನೀರಿನ ಕ್ಯಾನಿನ ನಲ್ಲಿ ಕುಲುಕಾಟಕ್ಕೆ ತಾನೇ ತಿರುಗಿ ನೀರೆಲ್ಲಾ ಖಾಲಿ. ಅದರ ಮೇಲೆ ದೋಸೆ ಹಿಟ್ಟು. ಎರಡು ದಿನ ಬಿಸಿಲು, ಮೂರು ಗಂಟೆ ಕುಲುಕಾಟ, ಹಿಟ್ಟು ಉಕ್ಕದೆ ಇರುತ್ತಾ? ಮುಚ್ಚಳ ಹಾರಿಹೋಗಿ ಸ್ಲೀಪಿಂಗ್ ಬ್ಯಾಗ್, ಚಪ್ಪಲಿ, ಮಗಳ ಪುಸ್ತಕ ಎಲ್ಲದಕ್ಕೂ ಹಿಟ್ಟು. ನೀರನ್ನು ಒಂದೇ ಕ್ಯಾನಿನಲ್ಲಿ ಇಡಬೇಡಿ, ನಲ್ಲಿ ಇರುವ ಕ್ಯಾನ್ ಬೇಡವೇ ಬೇಡ. ಅವಲಕ್ಕಿ, ಚಟ್ನಿಪುಡಿ, ಗೊಜ್ಜು ಸಾಕು.

ಒಳಗೆ ಎರಡು ಕ್ಯಾಂಪ್, ದಕ್ಷಿಣಕ್ಕೆ ವಾಲಾರ್ಡಿ, ಉತ್ತರಕ್ಕೆ ಕುರಾಜಾಂಗ್. ಮುಂಚೆಯೇ ಬುಕ್ ಮಾಡಿಕೊಳ್ಳಿ. ಗುಂಡಿ ಕಕ್ಕಸು ಇದೆ, ಸ್ನಾನಕ್ಕೆ ವ್ಯವಸ್ಥೆ ಇಲ್ಲ, ಬೋರ್ ನೀರು ಶುದ್ಧ ಮಾಡಿದ್ದಲ್ಲ. ಫೋನ್ ಸಿಗ್ನಲ್ ಮರೆತುಬಿಡಿ. ಸ್ಯಾಟಲೈಟ್ ಫೋನ್ ಅಥವಾ ತುರ್ತು ಬೀಕನ್ (ಸಹಾಯ ಬೇಕು ಅಂತ ಸಂಕೇತ ಕಳಿಸುವ ಸಾಧನ) ಬಾಡಿಗೆಗೆ ಸಿಗುತ್ತದೆ, ತೆಗೆದುಕೊಳ್ಳಿ. ನೊಣಗಳಿಗೆ ತಲೆಗೆ ಹಾಕುವ ಬಲೆ ಬೇಕೇ ಬೇಕು.

ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅನ್ನುವವರಿಗೆ ನಾನು ಬೇಡ ಅನ್ನುವುದು ಇದಕ್ಕೇ. ನೋಡುವ ಜಾಗಗಳು ಎರಡು ದಿಕ್ಕಿನಲ್ಲಿವೆ, ಎರಡಕ್ಕೂ ಬೇರೆ ಬೇರೆ ಹೊತ್ತು. ಉತ್ತರದ ಎಕಿಡ್ನಾ ಕ್ಯಾಸಮ್ ಅಂದರೆ ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಇಕ್ಕಟ್ಟಾದ ಸೀಳು. ಬಿಸಿಲು ತಳಕ್ಕೆ ಇಳಿಯುವುದು ಮಧ್ಯಾಹ್ನದ ಸ್ವಲ್ಪ ಹೊತ್ತು ಮಾತ್ರ. ಹನ್ನೊಂದೂವರೆಗೆ ಒಳಗಿದ್ದೆವು. ಬೂದು ಗೋಡೆ ನೋಡನೋಡುತ್ತಾ ಕೆಂಡದ ಬಣ್ಣಕ್ಕೆ ತಿರುಗಿತು. ಅರ್ಧ ಗಂಟೆಗೆ ಮತ್ತೆ ಬೂದು. ಕಾಲ ಕೆಳಗೆ ಉರುಟು ಕಲ್ಲು, ಒಳ್ಳೆಯ ಶೂ ಹಾಕಿ.

ದಕ್ಷಿಣದಲ್ಲಿರುವುದು ಎಲ್ಲರೂ ಫೋಟೋದಲ್ಲಿ ನೋಡಿರುವ ಪಟ್ಟೆ ಪಟ್ಟೆ ಗುಮ್ಮಟಗಳು. ಅದನ್ನು ಬೆಳಿಗ್ಗೆ ನೋಡಿ. ಜೇನುಗೂಡು ಅಂತ ಎಲ್ಲರೂ ಬರೆಯುತ್ತಾರೆ, ನನ್ನ ಮಗಳು "ಅಪ್ಪಾ, ಯಾರೋ ಮುದ್ದೆ ಕಟ್ಟಿ ಸಾಲಾಗಿ ಇಟ್ಟಿದ್ದಾರೆ" ಅಂದಳು. ಸುಮಾರು 35 ಕೋಟಿ ವರ್ಷದ ಮರಳುಗಲ್ಲು. ಜೇಡಿ ಜಾಸ್ತಿ ಇರುವ ಪದರ ತೇವ ಹಿಡಿದುಕೊಳ್ಳುತ್ತದೆ, ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಪಟ್ಟೆ. ಬೇಗ ಒಣಗುವ ಪದರದಲ್ಲಿ ಕಬ್ಬಿಣದ ತುಕ್ಕು, ಅದು ಕಿತ್ತಳೆ ಪಟ್ಟೆ. ಈ ಹೊರಗಿನ ಸಿಪ್ಪೆ ತೆಳು, ಒಳಗಿನ ಕಲ್ಲು ಪುಡಿಪುಡಿ. ಅದಕ್ಕೇ ಹತ್ತಬಾರದು. ಅಲ್ಲಿನ ಕೆಥೀಡ್ರಲ್ ಗಾರ್ಜ್ ಎಂಬ ಕಮರಿ ಕಾರು ನಿಲ್ಲಿಸುವಲ್ಲಿಂದ ಹೆಚ್ಚು ದೂರವಿಲ್ಲ. ಕೊನೆಗೆ ಬಂಡೆಯ ದೊಡ್ಡ ಗುಹೆಯಂಥ ಅಂಗಳ, ನಡುವೆ ಒಂದು ಕೊಳ. ಬೆಳಿಗ್ಗೆ ಏಳಕ್ಕೆ ಅಲ್ಲಿ ನಾವು ನಾಲ್ಕೇ ಜನ. ಹೆಂಡತಿ ಮೆಲ್ಲಗೆ ಒಂದು ದೇವರನಾಮ ಹೇಳಿದಳು, ದನಿ ಗೋಡೆಗೆ ತಾಗಿ ತುಂಬಿಕೊಂಡು ವಾಪಸ್ ಬಂತು. ಒಂಬತ್ತಕ್ಕೆ ಟೂರ್ ಗುಂಪುಗಳು ಬಂದವು, ನಾವು ಎದ್ದೆವು.

ಹೆಲಿಕಾಪ್ಟರ್ ಇದೆ, ದುಬಾರಿ, ನಾವು ಹತ್ತಲಿಲ್ಲ.

ವಾಪಸ್ ಬರುವಾಗ ಬೆಳಿಗ್ಗೆ ಬೇಗ ಹೊರಡಿ. ಕತ್ತಲಾದ ಮೇಲೆ ಹೈವೇಯಲ್ಲಿ ಓಡಿಸುವುದು ಬೇಡ, ದನ, ವಾಲಬಿ (ಸಣ್ಣ ಕಾಂಗರೂ), ಐವತ್ತು ಮೀಟರ್ ಉದ್ದದ ರೋಡ್ ಟ್ರೇನ್ (ಟ್ರೇಲರ್‌ಗಳ ಸಾಲು ಎಳೆಯುವ ಲಾರಿ) ಎಲ್ಲಾ ಒಟ್ಟಿಗೆ. ಸಮಯ ಇದ್ದರೆ ವಾರ್ಮನ್‌ನ ಆರ್ಟ್ ಸೆಂಟರ್ ನೋಡಿ. 1990ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಕಲಾಪ್ರದರ್ಶನಕ್ಕೆ ಹೋದ ರೋವರ್ ಥಾಮಸ್ ಈ ಊರಿನಲ್ಲೇ ಇದ್ದು ಚಿತ್ರ ಬರೆದವರು. ಇಲ್ಲಿನ ಕಲಾವಿದರು ಮಣ್ಣಿನ ಬಣ್ಣದಲ್ಲಿ ಬರೆಯುತ್ತಾರೆ. ಎರಡು ದಿನ ಮೈತುಂಬಾ ಅದೇ ಕೆಂಪು ಮಣ್ಣು ಹೊತ್ತು ಬಂದವರಿಗೆ ಆ ಬಣ್ಣ ಎಲ್ಲಿಯದು ಅಂತ ಯಾರೂ ಹೇಳಬೇಕಾಗಿಲ್ಲ.

ಗಾಡಿ ಹಿಂತಿರುಗಿಸುವ ಮುಂಚೆ ಡಾರ್ವಿನ್‌ನಲ್ಲಿ ಎರಡು ಗಂಟೆ ತೊಳೆದೆವು. ಮಣ್ಣು ಹೋಯಿತು. ಸೀಟಿನ ಸಂದಿಯಲ್ಲಿ ಒಣಗಿದ್ದ ಹಿಟ್ಟು ಹೋಗಲಿಲ್ಲ, ಅದಕ್ಕೆ ಡಿಪಾಸಿಟ್‌ನಲ್ಲಿ 80 ಡಾಲರ್ ಹಿಡಿದುಕೊಂಡರು.