ಕೊನೆಯ ಕುರ್ಚಿಯ ಸ್ವರ

ವಿದ್ಯಾರ್ಥಿಗಳ ಆರ್ಕೆಸ್ಟ್ರಾದಲ್ಲಿ ನನ್ನದು ಎರಡನೇ ವಯೊಲಿನ್ ಗುಂಪಿನ ಕೊನೆಯ ಕುರ್ಚಿ. ಬೀಥೋವನ್ ಇರಲಿ, ಬ್ರಾಮ್ಸ್ ಇರಲಿ, ಮುಂದೆ ಕೂತವರು ಏನು ನುಡಿಸುತ್ತಾರೋ ಅದನ್ನೇ ನಾನೂ ನುಡಿಸುವುದು. ಕಷ್ಟದ ಜಾಗದಲ್ಲಿ ಒಂದೆರಡು ಸ್ವರ ಬಿಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷ ಹಾಗೇ ಕಳೆದಿದ್ದೆ.

ಆ ದಿನ ಬೆಳಿಗ್ಗೆ ಸ್ಟ್ಯಾಂಡಿನ ಮೇಲೆ ಇದ್ದದ್ದು ಲಿಗೆಟಿ ಎಂಬ ಸಂಗೀತ ರಚನಕಾರರ ‘ಅಟ್ಮೊಸ್ಫೇರ್’. ಹೆಚ್ಚೆಂದರೆ 9 ನಿಮಿಷದ ಕೃತಿ. ತಂತಿವಾದ್ಯದವರು 56 ಜನ, ಅಷ್ಟೂ ಜನಕ್ಕೆ ಬೇರೆ ಬೇರೆ ಹಾಳೆ. ಯಾವಾಗಲೂ ನಾನೂ ಪಕ್ಕದ ಗೆಳತಿಯೂ ಒಂದೇ ಹಾಳೆ ನೋಡಿ ನುಡಿಸುತ್ತಿದ್ದೆವು. ಇವತ್ತು ಅವಳದ್ದು ಅವಳಿಗೆ, ನನ್ನದು ನನಗೆ. ನನ್ನ ಸ್ವರವನ್ನು ನುಡಿಸೋಕೆ ಇಡೀ ಗುಂಪಿನಲ್ಲಿ ನಾನೊಬ್ಬನೇ.

ಅತಿಥಿಯಾಗಿ ಬಂದಿದ್ದ ಕಂಡಕ್ಟರ್, ಅಂದರೆ ಮುಂದೆ ನಿಂತು ಆರ್ಕೆಸ್ಟ್ರಾ ನಡೆಸುವವರು, ಹಿರಿಯರು. ಜೀವನದ ಹೆಚ್ಚಿನ ಭಾಗ ಹೊಸ ಸಂಗೀತಕ್ಕೇ ಕೊಟ್ಟವರು. ತಾಳ ಹಾಕಿ ಶುರು ಮಾಡಿಸುತ್ತಾರೆ ಅಂದುಕೊಂಡಿದ್ದೆ. ಅವರು ಕೈ ಎತ್ತಲೇ ಇಲ್ಲ. ಡಬಲ್ ಬೇಸ್‌ನವರ ಕಡೆ ತಿರುಗಿ, ‘ನೀವೊಬ್ಬರೇ ನಿಮ್ಮ ಮೊದಲ ಸ್ವರ ಹಿಡಿಯಿರಿ, ಬಹಳ ಮೆತ್ತಗೆ’ ಅಂದರು. ಆಮೇಲೆ ಅವರ ಪಕ್ಕದವರು. ಆಮೇಲೆ ಚೆಲ್ಲೋ, ವಯೋಲಾ. ಹೀಗೆ ಒಬ್ಬೊಬ್ಬರೇ ಸೇರುತ್ತಾ ಬಂದರು. ಶಬ್ದ ಜೋರಾಗಲಿಲ್ಲ, ದಪ್ಪವಾಗುತ್ತಾ ಹೋಯಿತು. ನನ್ನ ಸರದಿ ಬಂದಾಗ ಕಮಾನು ಸಣ್ಣಗೆ ನಡುಗುತ್ತಿತ್ತು.

ಎಲ್ಲರೂ ಸೇರಿದ ಮೇಲೆ ಅವರು ನನ್ನ ಕಡೆ ನೋಡಿ, ನಿಲ್ಲಿಸಿ ಅಂತ ಸನ್ನೆ ಮಾಡಿದರು. ನಿಲ್ಲಿಸಿದೆ. ‘ಯಾರು ಹೋದರು ಅಂತ ಗೊತ್ತಾಯ್ತಾ?’ ಎಂದು ಎಲ್ಲರನ್ನೂ ಕೇಳಿದರು. ಮುಂದಿನ ಸಾಲುಗಳಿಂದ ಉತ್ತರವೇ ಇಲ್ಲ. ಗೆಳತಿ ಮಾತ್ರ ನನ್ನನ್ನು ತೋರಿಸಿದಳು. ‘ಇವನ ಸ್ವರ ನನ್ನದಕ್ಕೆ ಉಜ್ಜುತ್ತಾ ಇತ್ತು. ಈಗ ಇಲ್ಲ’ ಅಂದಳು.

ಅವಳ ಸ್ವರಕ್ಕೂ ನನ್ನದಕ್ಕೂ ಅರ್ಧ ಸ್ವರದ ಅಂತರ. ಅಷ್ಟು ಹತ್ತಿರದ ಎರಡು ಸ್ವರ ಒಟ್ಟಿಗೆ ನಿಂತರೆ ನಡುವೆ ಒಂದು ನಡುಕ ಹುಟ್ಟುತ್ತದೆ. ಈ ಕೃತಿ ಇರುವುದೇ ಆ ನಡುಕದಲ್ಲಿ. ಗುನುಗುವಂಥ ರಾಗ ಇಲ್ಲ, ಕಾಲು ಕುಟ್ಟುವ ತಾಳವೂ ಇಲ್ಲ. ಬಣ್ಣ ಬದಲಾಗುತ್ತದೆ, ಅಷ್ಟೇ. ಒಂದು ಕಡೆ ಪಿಕೊಲೊ ಎಂಬ ನಾಲ್ಕು ಪುಟ್ಟ ಕೊಳಲುಗಳು ಕಿವಿ ಚುಚ್ಚುವಷ್ಟು ಮೇಲಕ್ಕೆ ಹೋಗುತ್ತವೆ, ತಟ್ಟನೆ ಎಂಟು ಡಬಲ್ ಬೇಸ್‌ಗಳು ಪಾತಾಳದಲ್ಲಿ ಗುಡುಗುತ್ತವೆ. ಆ ಜಾಗ ಬಂದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತಿತ್ತು.

ಬಿಡುವಿನಲ್ಲಿ ಹತ್ತಿರ ಹೋಗಿ, ಒಂದು ಸ್ವರಕ್ಕೆ ಇಷ್ಟು ಹೊತ್ತು ಯಾಕೆ ಸರ್ ಅಂತ ಕೇಳಿದೆ. ಅವರು ಹಾನ್ಸ್ ರೋಸ್‌ಬಾಡ್ ಹೆಸರು ಹೇಳಿದರು. ನಾನು ಕೇಳಿಯೇ ಇರಲಿಲ್ಲ. ಜರ್ಮನಿಯ ರೇಡಿಯೊ ಆರ್ಕೆಸ್ಟ್ರಾಗಳಲ್ಲಿ ಬದುಕು ಸವೆಸಿದ ಕಂಡಕ್ಟರ್. 1933ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ರಚನಕಾರ ಬಾರ್ಟೋಕ್ ತಮ್ಮ ಎರಡನೇ ಪಿಯಾನೊ ಕಂಚೆರ್ಟೊವನ್ನು ಮೊದಲ ಸಲ ನುಡಿಸಿದಾಗ ಆರ್ಕೆಸ್ಟ್ರಾ ನಡೆಸಿದವರು ಇವರೇ. 1954ರಲ್ಲಿ ಹ್ಯಾಂಬರ್ಗ್‌ನಲ್ಲಿ ಶೋನ್‌ಬರ್ಗ್‌ನ ‘ಮೋಸೆಸ್ ಉಂಡ್ ಆರೋನ್’ ನಡೆಸಬೇಕಿದ್ದ ಕಂಡಕ್ಟರ್ ಕಾಯಿಲೆ ಬಿದ್ದರು. ರೋಸ್‌ಬಾಡ್ ಒಂದು ವಾರದ ಆಸುಪಾಸಿನಲ್ಲಿ ಆ ಭಾರೀ ಒಪೆರಾ ಕಲಿತು ನಡೆಸಿಕೊಟ್ಟರು. ಮರುವರ್ಷ ಬೂಲೆಜ್ ಎಂಬ ರಚನಕಾರರ ‘ಲೆ ಮಾರ್ತೋ ಸಾನ್ ಮೇತ್ರ್’ ನಡೆಸಿದರು. ಹಾಡುವವರು ಒಬ್ಬರು, ನುಡಿಸುವವರು ಆರೇ ಜನ. ಅದಕ್ಕೆ 50ರಷ್ಟು ರಿಹರ್ಸಲ್ ಮಾಡಿದರಂತೆ.

‘ಆರು ಜನಕ್ಕೆ ಐವತ್ತು ರಿಹರ್ಸಲ್. ನೀವು ಇಷ್ಟೊಂದು ಜನ ಇದ್ದೀರಿ, ನನಗೆ ಸಿಕ್ಕಿರೋದು ನಾಲ್ಕು’ ಅಂದರು. ದೂರಿದಂತೆ ಇರಲಿಲ್ಲ, ಲೆಕ್ಕ ಹೇಳಿದಂತಿತ್ತು. 1961ರ ಅಕ್ಟೋಬರ್ 22ರಂದು ಜರ್ಮನಿಯ ಡೊನಾವೆಶಿಂಗೆನ್ ಊರಿನಲ್ಲಿ ನಮ್ಮ ಕೈಲಿದ್ದ ಇದೇ ಕೃತಿಯನ್ನು ಮೊದಲು ನಡೆಸಿದ್ದೂ ರೋಸ್‌ಬಾಡ್. ಕೇಳಿದವರು ಇನ್ನೊಮ್ಮೆ ಬೇಕು ಅಂದರು, ಅಂದೇ ಮತ್ತೆ ನುಡಿಸಿದರು. ಮರುವರ್ಷದ ಕೊನೆಗೆ ಅವರು ತೀರಿಕೊಂಡರು.

ನಮ್ಮ ಕಂಡಕ್ಟರ್ ಅವರ ಸ್ಕೋರ್, ಎಲ್ಲರ ಸ್ವರಗಳೂ ಇರುವ ಪುಸ್ತಕ, ತೆರೆದೇ ಇತ್ತು. ಅಂಚೆಲ್ಲ ಸವೆದಿತ್ತು. ಕೊನೆಯ ಪುಟದ ಕೆಳಗೆ ಪೆನ್ಸಿಲ್‌ನಲ್ಲಿ ತಾರೀಖುಗಳು, ಈ ಕೃತಿಯನ್ನು ನಡೆಸಿದ ದಿನಗಳು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹನ್ನೊಂದು ವರ್ಷ. ‘ಹೊಸದನ್ನು ಮೊದಲ ಸಲ ನುಡಿಸೋಕೆ ಕರೆಯುವವರು ಇರ್ತಾರೆ. ಎರಡನೇ ಸಲಕ್ಕೆ ನಾನೇ ಬಾಗಿಲು ತಟ್ಟಬೇಕಾಯ್ತು’ ಅಂದರು. ಎಷ್ಟು ಬಾಗಿಲು ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ನಾಲ್ಕನೇ ದಿನ ಸಂಜೆ ಕಾರ್ಯಕ್ರಮ. ನಡುವೆ ಕೆಲವರು ಎದ್ದು ಹೋದರು, ನನಗೆ ಕಾಣುತ್ತಿತ್ತು. ನಾನು ಒಂದು ಸ್ವರವನ್ನೂ ಬಿಡಲಿಲ್ಲ. ಗೆಳತಿಯ ಸ್ವರ ನನ್ನದನ್ನು ಉಜ್ಜುತ್ತಲೇ ಇತ್ತು. ಕೊನೆಯಲ್ಲಿ ಇಬ್ಬರು ಪಿಯಾನೊದ ಒಳಗೆ ಬಗ್ಗಿ ತಂತಿಗಳ ಮೇಲೆ ಬ್ರಷ್ ಆಡಿಸಿದರು. ಅದೂ ಕರಗಿತು. ಕಂಡಕ್ಟರ್ ಕೈ ಇಳಿಸುವವರೆಗೆ ಯಾರೂ ಕೆಮ್ಮಲಿಲ್ಲ.

ಆಮೇಲೆ ವೇದಿಕೆಯ ಹಿಂದೆ ವಯಸ್ಸಾದ ಹೆಂಗಸೊಬ್ಬರು ಬಂದರು. ‘ನನಗೆ ಪೂರ್ತಿ ದಕ್ಕಲಿಲ್ಲ. ಇನ್ನೊಂದು ಸಲ ಕೇಳಬೇಕು. ಮತ್ತೆ ಯಾವಾಗ?’ ಅಂದರು. ಅಷ್ಟು ಹೊತ್ತೂ ದಣಿದು ಕೂತಿದ್ದ ಕಂಡಕ್ಟರ್ ಎದ್ದು ನಿಂತರು. ಅವರಿಗೆ ತಮ್ಮ ಕುರ್ಚಿ ಕೊಟ್ಟು, ಸ್ಕೋರ್ ಬಿಚ್ಚಿ, ಮೊದಲ ಪುಟದಿಂದ ತೋರಿಸೋಕೆ ಶುರು ಮಾಡಿದರು.